ಪಿಸಿಎಂ ಮುಗಿಸಿ ಗಣಿತದ ಟೀಚರ್ ಆಗುವ ತನಕ

ಬಿ.ಎಸ್ಸಿ.ಯಲ್ಲಿ ಪಿಸಿಎಂ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮುಗಿಸಿ ಬಿ.ಎಡ್. ಕಡೆ ಮುಖ ಮಾಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ, ಅದರಲ್ಲೂ ಹಳ್ಳಿ ಕಡೆಯಿಂದ ಬಂದು, ಮನೆಯಲ್ಲಿ ಮೊದಲ ಬಾರಿಗೆ ಈ ದಾರಿ ಹಿಡಿದಿರುವ ಹೆಣ್ಣುಮಕ್ಕಳಿಗೆ. ನಾನು ಕೊಪ್ಪಳ ಜಿಲ್ಲೆಯವಳು. 2022ರಲ್ಲಿ ಪದವಿ ಮುಗಿಯಿತು. ಬಿ.ಎಡ್., ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎಲ್ಲ ದಾಟಿ 2025ರಲ್ಲಿ ಒಂದು ಸರ್ಕಾರಿ ಪ್ರೌಢಶಾಲೆಗೆ ಗಣಿತದ ಅತಿಥಿ ಶಿಕ್ಷಕಿಯಾಗಿ ಹೋದೆ. ನಡುವಿನ ಕಾಲದಲ್ಲಿ ಗಣಿತಕ್ಕಿಂತ ಹೆಚ್ಚು ಹೊತ್ತು ಕಾಗದಪತ್ರದ ಜೊತೆ, ರೆಕಾರ್ಡ್ ಬುಕ್ಕಿನ ಜೊತೆ ಕಳೆದಿದ್ದೇನೆ. ಅದರಲ್ಲಿ ಎಷ್ಟು ಬೇಕಿತ್ತು, ಎಷ್ಟು ಬೇಕಿರಲಿಲ್ಲ ಅನ್ನುವುದು ಈಗ ಸ್ವಲ್ಪ ಗೊತ್ತಾಗುತ್ತಿದೆ.

ಪಿಯುಸಿಯಲ್ಲೇ ಇರುವವರು ಯಾರಾದರೂ ಓದುತ್ತಿದ್ದರೆ, ಮೊದಲಿಗೆ ಒಂದು ಮಾತು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ, ಅಂದರೆ ಆರ್‌ಐಇಯಲ್ಲಿ, ಬಿ.ಎಸ್ಸಿ. ಮತ್ತು ಬಿ.ಎಡ್. ಸೇರಿದ ನಾಲ್ಕು ವರ್ಷದ ಕೋರ್ಸ್ ಇದೆ. ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು. ಮೂರು ವರ್ಷ ಪದವಿ, ಮೇಲೆ ಎರಡು ವರ್ಷ ಬಿ.ಎಡ್., ನಡುವೆ ಪ್ರವೇಶಕ್ಕೆ ಕಾಯುವ ತಿಂಗಳುಗಳು, ಇಷ್ಟನ್ನೂ ಲೆಕ್ಕ ಹಾಕಿದರೆ ಅದು ಎಷ್ಟೋ ವಾಸಿ. ನನಗೆ ಈ ವಿಷಯ ಗೊತ್ತಾದಾಗ ನಾನು ಪದವಿಯ ಕೊನೆಯ ಸೆಮಿಸ್ಟರ್‌ನಲ್ಲಿದ್ದೆ.

ನಮ್ಮ ಹೈಸ್ಕೂಲ್ ಮೇಷ್ಟ್ರು ಈಗಲೂ "ನಮ್ಮ ಕಾಲದಾಗ ಒಂದ ವರ್ಷ ಇತ್ತವಾ" ಅನ್ನುತ್ತಾರೆ. ನಿಜ, 2015ಕ್ಕೆ ಮೊದಲು ಬಿ.ಎಡ್. ಒಂದೇ ವರ್ಷವಿತ್ತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮ ಬಂದ ಮೇಲೆ ಎರಡು ವರ್ಷ, ನಾಲ್ಕು ಸೆಮಿಸ್ಟರ್ ಆಯಿತು. ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 50 ಅಂಕ ಬೇಕು, ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1ರವರಿಗೆ ಶೇ. 45. ನಮ್ಮ ಜೊತೆ ಅರ್ಜಿ ಹಾಕಲು ಹೊರಟ ಒಬ್ಬಳಿಗೆ ಶೇ. 49 ಮತ್ತು ಸ್ವಲ್ಪ ಇತ್ತು. ಅದನ್ನು 50 ಎಂದು ಎಣಿಸಿಕೊಳ್ಳುತ್ತಾರೆ ಎಂದು ಸೈಬರ್ ಸೆಂಟರ್‌ನವನು ಧೈರ್ಯ ಹೇಳಿ ಅರ್ಜಿ ಹಾಕಿಸಿದ. ಎಣಿಸಿಕೊಳ್ಳಲಿಲ್ಲ.

ಈಗ ಕಾಗದಪತ್ರದ ವಿಷಯ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಸರ್ಕಾರಿ ಕೋಟಾದ ಬಿ.ಎಡ್. ಸೀಟುಗಳನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಹಂಚುತ್ತದೆ. ಅರ್ಜಿ ಆನ್‌ಲೈನ್‌ನಲ್ಲಿ. ಆಮೇಲೆ ಮೂಲ ದಾಖಲೆ ತೆಗೆದುಕೊಂಡು ಪರಿಶೀಲನೆಗೆ ಹೋಗಬೇಕು. ಪರಿಶೀಲನೆ ನಡೆಯುವ ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ನಮ್ಮ ಜಿಲ್ಲೆಯಲ್ಲಿ ಇರುವುದು ಮುನಿರಾಬಾದಿನಲ್ಲಿ. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಎಲ್ಲ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡು, ಟಿ.ಸಿ., ಇವೆಲ್ಲ ಯಾರ ಬಳಿಯೂ ಇರುತ್ತವೆ. ಜನ ಒದ್ದಾಡುವುದು ಉಳಿದವುಗಳಿಗೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮದ ಪ್ರಮಾಣಪತ್ರ, ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿಗೆ 371(ಜೆ) ಪ್ರಮಾಣಪತ್ರ.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪತ್ರಗಳನ್ನು ಓದಿದ ಶಾಲೆಯ ಮುಖ್ಯ ಶಿಕ್ಷಕರು ನಿಗದಿತ ನಮೂನೆಯಲ್ಲಿ ತುಂಬಿ ಸಹಿ ಹಾಕಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ನಾನು ಏಳನೆಯವರೆಗೆ ಓದಿದ್ದು ಊರಲ್ಲಿ, ಹೈಸ್ಕೂಲು ಪಕ್ಕದ ದೊಡ್ಡ ಊರಲ್ಲಿ. ಹಾಗಾಗಿ ಎರಡು ಶಾಲೆ, ಎರಡು ಜೊತೆ ಪತ್ರ. ಹೈಸ್ಕೂಲಿನದು ಅರ್ಧ ಗಂಟೆಯಲ್ಲಿ ಮುಗಿಯಿತು. ಪ್ರಾಥಮಿಕ ಶಾಲೆಯಲ್ಲಿ ಹಳೆಯ ದಾಖಲಾತಿ ರಿಜಿಸ್ಟರ್ ತೆಗೆದು ನೋಡಿದ ಗುರುಗಳು ತಲೆ ಕೆರೆದುಕೊಂಡರು.

"ನಿಮ್ಮ ಹೆಸರು ಇದ್ರಾಗ ಬ್ಯಾರೆನ ಐತಲ್ರೀ."

ರಿಜಿಸ್ಟರ್‌ನಲ್ಲಿ ನನ್ನ ಹೆಸರಿನ ಜೊತೆ ಅಪ್ಪನ ಹೆಸರು ಪೂರ್ತಿ ಇತ್ತು, ಮನೆತನದ ಹೆಸರು ಇರಲಿಲ್ಲ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಮನೆತನದ ಹೆಸರಿತ್ತು, ಅಪ್ಪನ ಹೆಸರು ಒಂದೇ ಅಕ್ಷರವಾಗಿತ್ತು. ಆಧಾರ್‌ನಲ್ಲಿ ಮೂರನೆಯದೇ ಒಂದು ರೂಪ. ಗುರುಗಳು ರಿಜಿಸ್ಟರ್‌ನಲ್ಲಿ ಇದ್ದಂತೆಯೇ ಬರೆದುಕೊಡುತ್ತೇನೆ ಅಂದರು, ಅದು ಅವರ ತಪ್ಪಲ್ಲ. ಮೇಲುಸಹಿಯ ಟೇಬಲ್ಲಿನಲ್ಲಿ ಕೂತವರು ಎಸ್ಸೆಸ್ಸೆಲ್ಸಿ ಕಾರ್ಡಿನಂತೆ ಇದ್ದರೆ ಮಾತ್ರ ಮುಂದಕ್ಕೆ ಕಳಿಸುತ್ತೇನೆ ಅಂದರು. ಸಾಹೇಬರು ಮೀಟಿಂಗ್‌ಗೆ ಹೋಗಿದ್ದಾರೆ, ನಾಳೆ ಬನ್ನಿ. ನಾಳೆ ಹೋದರೆ ಸಂಬಂಧಪಟ್ಟ ಕ್ಲರ್ಕ್ ರಜೆ. ಕೊನೆಗೆ ಎರಡೂ ಹೆಸರು ಒಬ್ಬಳದೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿ ಸಹಿ ಹಾಕಿಸಿ, ಅದನ್ನು ಲಗತ್ತಿಸಿದ ಮೇಲೆ ದಾರಿ ಬಿಟ್ಟಿತು. ಅಷ್ಟರಲ್ಲಿ ಅಪ್ಪನಿಗೆ ಹೊಲದ ಕೆಲಸ ಬಿಟ್ಟು ನನ್ನ ಹಿಂದೆ ಓಡಾಡಿ ಸಾಕಾಗಿತ್ತು.

ನೀವು ಮಾಡಬೇಕಾದ್ದು ಏನೆಂದರೆ, ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಹೆಸರು ಹೇಗಿದೆಯೋ ಅದನ್ನೇ ಮೂಲ ಎಂದಿಟ್ಟುಕೊಳ್ಳಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಜಾತಿ ಪತ್ರ ಎಲ್ಲವನ್ನೂ ಅದಕ್ಕೆ ಹೊಂದಿಸಿ. ಪದವಿ ಕೊನೆಯ ವರ್ಷದಲ್ಲೇ, ಅರ್ಜಿ ಕರೆಯುವ ಮೊದಲೇ. ಅರ್ಜಿಯ ಕೊನೆಯ ವಾರದಲ್ಲಿ ನಾಡಕಚೇರಿ ಮುಂದೆ ನಿಂತರೆ ನಿಮ್ಮಂಥವರೇ ಅಲ್ಲಿ ತುಂಬಿರುತ್ತಾರೆ. ಗ್ರಾಮೀಣ ಪತ್ರವನ್ನು ನಿರ್ಲಕ್ಷಿಸಬೇಡಿ, ಮುಂದೆ ನೇಮಕಾತಿಯಲ್ಲಿ ಗ್ರಾಮೀಣರಿಗೆ ಶೇ. 25, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಿರುತ್ತದೆ. 371(ಜೆ) ಪತ್ರಕ್ಕೆ ಉಪವಿಭಾಗದ ಸಹಾಯಕ ಆಯುಕ್ತರ ಸಹಿ ಬೇಕು, ಹೆಚ್ಚು ಕಾಯಿಸುವುದು ಅದೇ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರದವರು ಎಲ್ಲಕ್ಕಿಂತ ಮೊದಲು ಅದಕ್ಕೆ ಅರ್ಜಿ ಹಾಕಿಡಿ.

ಮದುವೆ ಗೊತ್ತಾಗಿರುವವರು ಇದೊಂದನ್ನು ಗಮನಿಸಿ. 2022ರಲ್ಲಿ ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರ ನೇಮಕಾತಿ ನಡೆದಾಗ, ಮದುವೆಯಾದ ಹೆಣ್ಣುಮಕ್ಕಳು ಕೊಟ್ಟ ಜಾತಿ-ಆದಾಯ ಪತ್ರದಲ್ಲಿ ತಂದೆಯ ಆದಾಯ ಇರಬೇಕೋ ಗಂಡನದೋ ಎಂಬ ತಕರಾರು ಹೈಕೋರ್ಟಿನವರೆಗೂ ಹೋಗಿ, ಆಯ್ಕೆಯಾದವರೆಲ್ಲ ತಿಂಗಳುಗಟ್ಟಲೆ ನೇಮಕಾತಿ ಆದೇಶಕ್ಕೆ ಕಾದರು. ನಮ್ಮ ಸೀನಿಯರ್ ಒಬ್ಬರು ಆ ಪಟ್ಟಿಯಲ್ಲಿದ್ದರು. ಅವರ ಪಾಡು ನೋಡಿ ನಮ್ಮ ಬ್ಯಾಚಿನ ಹುಡುಗಿಯರು ಎರಡೂ ಹೆಸರಿನ ಪತ್ರ ಮಾಡಿಸಿಟ್ಟುಕೊಳ್ಳುವ ರೂಢಿ ಮಾಡಿಕೊಂಡರು. ಅಧಿಸೂಚನೆ ಬಂದಾಗ ಅದರಲ್ಲಿ ಯಾವುದು ಕೇಳಿದ್ದಾರೋ ಅದನ್ನು ಕೊಟ್ಟರಾಯಿತು.

ಪದವಿ ಫಲಿತಾಂಶ ಬಂದದ್ದಕ್ಕೂ ಬಿ.ಎಡ್. ತರಗತಿ ಶುರುವಾದದ್ದಕ್ಕೂ ನಡುವೆ ಕ್ಯಾಲೆಂಡರಿನ ವರ್ಷವೇ ಬದಲಾಗಿಹೋಯಿತು. ಎಂ.ಎಸ್ಸಿ.ಗೆ ಸೇರಿದ ಗೆಳತಿಯರು ಆಗಲೇ ಒಂದು ಸೆಮಿಸ್ಟರ್ ಮುಗಿಸುವ ಹಂತದಲ್ಲಿದ್ದರು. ಕಾಲೇಜು ಆಯ್ಕೆಯಲ್ಲಿ ಎಲ್ಲರೂ ಹೇಳುವುದು ಹೆಸರಿರುವ ಕಾಲೇಜು ಹಾಕು ಅಂತ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಬೇರೆ: ಅಲ್ಲಿ ಗಣಿತ ಬೋಧನಾ ವಿಧಾನಕ್ಕೆ ಕಾಯಂ ಉಪನ್ಯಾಸಕರು ಇದ್ದಾರೆಯೇ, ಇಂಟರ್ನ್‌ಶಿಪ್‌ಗೆ ಯಾವ ಶಾಲೆಗಳಿಗೆ ಕಳಿಸುತ್ತಾರೆ? ಕೆಲವು ಕಡೆ ಗಣಿತಕ್ಕೂ ಭೌತಶಾಸ್ತ್ರಕ್ಕೂ ಒಬ್ಬರೇ, ಅವರೂ ಅರೆಕಾಲಿಕ. ಹಿಂದಿನ ಬ್ಯಾಚಿನವರಿಗೆ ಒಂದು ಫೋನ್ ಹಚ್ಚಿದರೆ ಎಲ್ಲ ಗೊತ್ತಾಗುತ್ತದೆ.

ಕಾಲೇಜಿಗೆ ಹೋಗದೇ ಬಿ.ಎಡ್. ಮುಗಿಸಿಕೊಡುತ್ತೇವೆ ಎನ್ನುವವರೂ ಸಿಗುತ್ತಾರೆ. ಹಾಜರಾತಿಗೆ ಇಷ್ಟು, ರೆಕಾರ್ಡಿಗೆ ಇಷ್ಟು ಎಂದು ದರ ಹೇಳುತ್ತಾರೆ. ಹಾಗೆ ಮುಗಿಸಿದವರು ತರಗತಿಯಲ್ಲಿ ಹೇಗೆ ನಿಲ್ಲುತ್ತಾರೋ ದೇವರಿಗೇ ಗೊತ್ತು.

ಮೊದಲ ವರ್ಷವನ್ನು ಬೇಗ ಹೇಳಿ ಮುಗಿಸುತ್ತೇನೆ. ಮಕ್ಕಳ ಕಲಿಕೆಯ ಬಗ್ಗೆ ಪಿಯಾಜೆ, ವೈಗೋಟ್‌ಸ್ಕಿ, ಬ್ರೂನರ್ ಹೇಳಿದ್ದು, ಶಿಕ್ಷಣದ ತತ್ವಶಾಸ್ತ್ರ, ಕಲಿಕೆಯ ಮನೋವಿಜ್ಞಾನ. ಮೂರು ವರ್ಷ ಸಮೀಕರಣ ಬರೆದು ರೂಢಿಯಾದ ಕೈಗೆ ಪುಟಗಟ್ಟಲೆ ಪ್ರಬಂಧ ಬರೆಯುವುದು ಹಿಂಸೆ. ಆದರೆ ಓದಿದ್ದು ವ್ಯರ್ಥವಾಗಲಿಲ್ಲ, ಟಿಇಟಿಯಲ್ಲಿ 30 ಅಂಕ ಇದರ ಮೇಲೇ ಬರುತ್ತದೆ. ಸೂಕ್ಷ್ಮ ಬೋಧನೆ ಅಂತ ಒಂದಿದೆ. ಸಹಪಾಠಿಗಳೇ ಎಂಟನೇ ತರಗತಿ ಮಕ್ಕಳಾಗಿ ಕೂರುತ್ತಾರೆ, ನೀವು ಐದಾರು ನಿಮಿಷ ಒಂದೇ ಕೌಶಲವನ್ನು, ಪ್ರಶ್ನೆ ಕೇಳುವುದನ್ನೋ ಕಪ್ಪುಹಲಗೆ ಬಳಸುವುದನ್ನೋ ತೋರಿಸಬೇಕು. ಇಪ್ಪತ್ತೈದು ವರ್ಷದ "ಮಗು" ಕೈ ಎತ್ತಿ "ತ್ರಿಭುಜಕ್ಕೆ ಮೂರು ಬಾಹು ಮೇಡಂ" ಅನ್ನುವಾಗ ನಗು ತಡೆಯುವುದೇ ದೊಡ್ಡ ಕೌಶಲ.

ಖರ್ಚು ಹೆಚ್ಚಾಗಿ ಹೋಗುವುದು ಫೀಸಿಗೆ ಎಂದು ತಿಳಿಯಬೇಡಿ. ಫೀಸು ಒಂದೇ ಸಲ ಕಟ್ಟುತ್ತೀರಿ, ಲೆಕ್ಕ ಸಿಗುತ್ತದೆ. ರೆಕಾರ್ಡ್ ಬುಕ್, ಚಾರ್ಟ್, ಸ್ಕೆಚ್ ಪೆನ್ನು, ಥರ್ಮೋಕೋಲ್ ಮಾದರಿ, ಬೈಂಡಿಂಗ್, ಜೆರಾಕ್ಸ್, ಇವು ವಾರ ವಾರ ಕಿತ್ತುಕೊಳ್ಳುತ್ತಲೇ ಇರುತ್ತವೆ. ಚಾರ್ಟುಗಳನ್ನು ಹಿಂದಿನ ಬ್ಯಾಚಿನವರಿಂದ ಇಸಿದುಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬೇಕು. ಅದಕ್ಕೆ ಮೊದಲು ದಾಖಲೆಗಳ ಇ-ದೃಢೀಕರಣ ಕಾಲೇಜಿನಲ್ಲೇ ಆಗಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. "ಜೋಡಣೆ ಆಗಿದೆ" ಎಂದು ಬ್ಯಾಂಕಿನವರು ಹೇಳಿದ ಮೇಲೂ ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕೆಂದು ಹೇಳುವ ಎನ್‌ಪಿಸಿಐ ಪಟ್ಟಿಯಲ್ಲಿ ಆ ಖಾತೆ ಇದೆಯೇ ಎಂದು ಇನ್ನೊಮ್ಮೆ ಕೇಳಿ. ನಮ್ಮಲ್ಲಿ ಒಬ್ಬನಿಗೆ ಹಣ ಯಾವತ್ತೋ ಮರೆತುಹೋದ ಹಳೆಯ ಖಾತೆಗೆ ಹೋಗಿ ಕೂತಿತ್ತು.

ಎರಡನೇ ವರ್ಷದಲ್ಲಿ 16 ವಾರದ ಇಂಟರ್ನ್‌ಶಿಪ್. ಇಡೀ ಬಿ.ಎಡ್.ನಲ್ಲಿ ನನಗೆ ಉಳಿದದ್ದು ಇದು.

ನನಗೆ ಸಿಕ್ಕಿದ್ದು ತಾಲ್ಲೂಕು ಕೇಂದ್ರದಿಂದ ದೂರದ ಸರ್ಕಾರಿ ಪ್ರೌಢಶಾಲೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಿದ್ದರಿಂದ ಬಸ್ ಖರ್ಚು ಇರಲಿಲ್ಲ, ಜೊತೆಗಿದ್ದ ಹುಡುಗರು ನಮ್ಮನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ದಿನಾ ರಾತ್ರಿ ಪಾಠ ಯೋಜನೆ ಬರೆಯಬೇಕು, 5ಇ ಮಾದರಿಯಲ್ಲಿ: ತೊಡಗಿಸಿಕೊಳ್ಳುವಿಕೆಯಿಂದ ಮೌಲ್ಯಮಾಪನದವರೆಗೆ ಐದು ಹಂತ, ಪ್ರತಿ ಹಂತಕ್ಕೆ ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ. ವಿದ್ಯಾರ್ಥಿಗಳ ಅಂಕಣದಲ್ಲಿ "ಮಕ್ಕಳು ಸರಿಯಾಗಿ ಉತ್ತರಿಸುವರು" ಎಂದು ಹಿಂದಿನ ರಾತ್ರಿಯೇ ಬರೆದಿಟ್ಟಿರುತ್ತೇವೆ.

ಒಂಬತ್ತನೇ ತರಗತಿ. ಬೋರ್ಡಿನ ಮೇಲೆ 1/2 + 1/3 ಬರೆದೆ. ಅದು ಪಾಠವೂ ಅಲ್ಲ, ಮುಂದಿನ ಪಾಠಕ್ಕೆ ಪೂರ್ವಜ್ಞಾನ ಪರೀಕ್ಷೆ, ಎರಡು ನಿಮಿಷದ ಕೆಲಸ. ಮೂರನೇ ಬೆಂಚಿನ ಹುಡುಗಿ 2/5 ಅಂದಳು. ಛೇದಗಳನ್ನು ಹಾಗೆ ಕೂಡಿಸಬಾರದು, ಲಸಾಅ ತೆಗೆಯಬೇಕು ಎಂದು 5/6 ಬರೆದು ತೋರಿಸಿದೆ. ಅವಳು ಕೂರಲಿಲ್ಲ.

"ಮೇಡಂರೀ, ಮೊದಲ್ನೇ ಪ್ರಶ್ನಿಗೆ ಎರಡಕ್ಕ ಒಂದು ಮಾರ್ಕ್ಸ್ ಬಂತು. ಎರಡ್ನೇದಕ್ಕ ಮೂರಕ್ಕ ಒಂದು ಬಂತು. ಒಟ್ಟು ಐದಕ್ಕ ಎರಡು. ನೀವ ಹಂಗ ಕೂಡಸ್ತೀರಲ್ರೀ?"

ನಾನು ಬೋರ್ಡು ನೋಡಿದೆ, ಅವಳನ್ನು ನೋಡಿದೆ. ಅವಳು ಹೇಳಿದ್ದರಲ್ಲಿ ತಪ್ಪು ಎಲ್ಲಿದೆ ಎಂದು ಆ ಕ್ಷಣಕ್ಕೆ ಹೊಳೆಯಲೇ ಇಲ್ಲ. ಹಿಂದಿನ ಬೆಂಚಿನಲ್ಲಿ ಕಾಲೇಜಿನಿಂದ ವೀಕ್ಷಣೆಗೆ ಬಂದ ಉಪನ್ಯಾಸಕರು ಬೇರೆ ಕೂತಿದ್ದರು. "ನಾಳೆ ನೋಡೋಣವಾ" ಎಂದು ಮುಂದಕ್ಕೆ ಹೋದೆ. ವೀಕ್ಷಣಾ ಪುಸ್ತಕದಲ್ಲಿ ಅವರು ಬರೆದದ್ದು: "ಕಪ್ಪುಹಲಗೆ ಬರವಣಿಗೆ ಚೆನ್ನಾಗಿದೆ. ಸಮಯ ಪಾಲನೆ ಬೇಕು."

ಶಾಲೆಯ ಗಣಿತ ಮೇಷ್ಟ್ರು ನನ್ನ ಮಾರ್ಗದರ್ಶಿ ಶಿಕ್ಷಕರು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ವಿಷಯ ಹೇಳಿದೆ. ಅವರಿಗೆ ಖುಷಿಯೋ ಖುಷಿ. "ಆಕಿ ಹೇಳಿದ್ದು ಸುಳ್ಳಲ್ರೀ, ಬ್ಯಾರೆ ಲೆಕ್ಕಕ್ಕ ಸರಿ ಐತಿ. ತಪ್ಪು ಅನಬ್ಯಾಡ್ರಿ. ಅರ್ಧ ದೊಡ್ಡದೋ ಐದರಾಗ ಎರಡು ದೊಡ್ಡದೋ, ಅದನ್ನ ಕೇಳ್ರಿ ಸಾಕು" ಅಂದರು.

ಮರುದಿನ ಅದನ್ನೇ ಕೇಳಿದೆ. ಹತ್ತರ ಛೇದಕ್ಕೆ ತಂದರೆ ಅರ್ಧ ಎಂದರೆ 5/10, 2/5 ಎಂದರೆ 4/10. ಅರ್ಧಕ್ಕೆ ಇನ್ನೊಂದಿಷ್ಟು ಕೂಡಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಗಿದೆ. ತರಗತಿಯಲ್ಲಿ ಗುಸುಗುಸು ಎದ್ದಿತು. ಆಮೇಲೆ ಎಲ್ಲರ ಕೈಗೂ ಒಂದೇ ಅಳತೆಯ ಕಾಗದದ ಪಟ್ಟಿ ಕೊಟ್ಟು ಆರು ಸಮಭಾಗಕ್ಕೆ ಮಡಿಸಲು ಹೇಳಿದೆ. ಅರ್ಧಕ್ಕೆ ಮೂರು ಮನೆ, ಮೂರನೇ ಒಂದಕ್ಕೆ ಎರಡು ಮನೆ, ಬಣ್ಣ ಹಚ್ಚಿದರೆ ಐದು ಮನೆ. ಒಂದೇ ಪಟ್ಟಿಯಲ್ಲಿ ಕೂಡಿಸಿದ್ದರಿಂದ ಇದು 5/6. ಅಂಕ ಕೂಡಿಸುವಾಗ ಮೊದಲ ಪ್ರಶ್ನೆಯ ಪೂರ್ಣ ಎಂದರೆ ಎರಡು ಅಂಕ, ಎರಡನೆಯದರ ಪೂರ್ಣ ಎಂದರೆ ಮೂರು, ಎರಡೂ ಸೇರಿ ಪೂರ್ಣವೇ ಐದಕ್ಕೆ ಬೆಳೆದುಬಿಡುತ್ತದೆ. ಆ ಹುಡುಗಿ ಸ್ವಲ್ಪ ಹೊತ್ತು ಪಟ್ಟಿ ತಿರುಗಿಸಿ ನೋಡಿ, "ಹಂಗಾದ್ರ ಮಾರ್ಕ್ಸ್ ಕೂಡ್ಸೂದು ಬ್ಯಾರೇನ ಕೂಡ್ಸೂದು" ಎಂದು ಕೂತಳು. ಅಂದಿನ ಪಾಠ ಯೋಜನೆಯಲ್ಲಿ ಇದು ಯಾವುದೂ ಇರಲಿಲ್ಲ, ರೆಕಾರ್ಡಿನಲ್ಲಿ ಈಗಲೂ ಇಲ್ಲ.

ಅಂದಿನಿಂದ ಮಕ್ಕಳ ತಪ್ಪು ಉತ್ತರಗಳನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರು ಮಾಡಿದೆ, ಹೆಸರಿಲ್ಲದೆ, ಉತ್ತರ ಮತ್ತು ಅವರು ಕೊಟ್ಟ ಕಾರಣ ಮಾತ್ರ. ಕೆಲವು ವಾರಕ್ಕೆ ಒಂದು ಗುಟ್ಟು ಹೊರಬಿತ್ತು. (a + b)² ಅಂದರೆ a² + b² ಎನ್ನುವವನು, √(9 + 16) ಅಂದರೆ 3 + 4 ಎನ್ನುವವಳು, ಹತ್ತರಲ್ಲಿ sin (A + B) ಅನ್ನು sin A + sin B ಎಂದು ಒಡೆಯುವವರು, ಇವರೆಲ್ಲ ಮಾಡುತ್ತಿರುವುದು ಒಂದೇ ತಪ್ಪು. 2(a + b) = 2a + 2b ಎಂದು ಏಳನೆಯಲ್ಲೋ ಎಂಟನೆಯಲ್ಲೋ ಕಲಿತಿದ್ದಾರೆ, ಆವರಣ ಕಂಡ ಕಡೆಯೆಲ್ಲ ಹೊರಗಿನದನ್ನು ಒಳಗೆ ಹಂಚುತ್ತಾರೆ. ಸೂತ್ರವನ್ನು ಹತ್ತು ಸಲ ಬರೆಸಿದರೆ ಇದು ಹೋಗುವುದಿಲ್ಲ. 3 + 4ರ ವರ್ಗ 49, ನಿನ್ನ ಲೆಕ್ಕದಲ್ಲಿ 25, ಉಳಿದ 24 ಎಲ್ಲಿ ಎಂದು ಕೇಳಬೇಕು. ಏಳು ಮನೆ ಉದ್ದ, ಏಳು ಮನೆ ಅಗಲದ ಚೌಕ ಬರೆಸಿ, ಒಂದು ಮೂಲೆಯಲ್ಲಿ 3 × 3, ಎದುರು ಮೂಲೆಯಲ್ಲಿ 4 × 4 ಬಣ್ಣ ಹಚ್ಚಿಸಿದರೆ, ಖಾಲಿ ಉಳಿಯುವ 12 ಮನೆಗಳ ಎರಡು ಆಯತಗಳನ್ನು ಅವರೇ ತೋರಿಸುತ್ತಾರೆ.

ಇಂಟರ್ನ್‌ಶಿಪ್‌ಗೆ ಹೋಗುವವರು ರೆಕಾರ್ಡನ್ನು ಅಂದಂದೇ ಬರೆದು ಮುಗಿಸಿ, ಆದರೆ ಅದಕ್ಕಾಗಿ ತರಗತಿ ಬಿಡಬೇಡಿ. ನಮ್ಮ ಜೊತೆಗಿದ್ದವರಲ್ಲಿ ಕೆಲವರು ಶಾಲೆಯ ಹಿಂದಿನ ಕೋಣೆಯಲ್ಲಿ ಕೂತು ಇಡೀ ದಿನ ಪ್ರಶ್ನೆಪತ್ರಿಕೆಯ ನೀಲನಕ್ಷೆ, ಘಟಕ ಪರೀಕ್ಷೆ, ಕ್ರಿಯಾ ಸಂಶೋಧನೆ ಅಂತ ಬರೆದದ್ದೇ ಬರೆದದ್ದು. ಅವರ ರೆಕಾರ್ಡುಗಳು ಚೆನ್ನಾಗಿದ್ದವು, ಅಂಕವೂ ನನಗಿಂತ ಹೆಚ್ಚು ಬಂತು. ವ್ಯವಸ್ಥೆ ಇರುವುದೇ ಹಾಗೆ. ಮತ್ತೆ, ಪದವಿಯನ್ನು ಇಂಗ್ಲಿಷ್‌ನಲ್ಲಿ ಓದಿ ಕನ್ನಡ ಮಾಧ್ಯಮದ ತರಗತಿಗೆ ಹೋಗುವವರು ಎಂಟು, ಒಂಬತ್ತು, ಹತ್ತರ ಕನ್ನಡ ಪಠ್ಯಪುಸ್ತಕಗಳ ಒಂದೊಂದು ಲೆಕ್ಕವನ್ನೂ ಮೊದಲೇ ಬಿಡಿಸಿಕೊಂಡು ಹೋಗಿ. ನಾನು ಬೇಸಿಗೆ ರಜೆಯಲ್ಲಿ ಇದನ್ನು ಮಾಡಿದ್ದೆ, ಅದರಿಂದ ಆದ ಉಪಕಾರ ದೊಡ್ಡದು.

ಟಿಇಟಿ ಇಂಟರ್ನ್‌ಶಿಪ್‌ನ ನಡುವೆಯೇ ಬಂತು. 2024ರ ಜೂನ್ 30, ಭಾನುವಾರ. ಹೈಸ್ಕೂಲಿಗೆ ಹೋಗುವವಳಿಗೆ ಟಿಇಟಿ ಯಾಕೆ ಎಂದು ಕೆಲವರು ಕೇಳಿದರು. ಎರಡನೇ ಪತ್ರಿಕೆ ಇರುವುದು ಆರರಿಂದ ಎಂಟನೇ ತರಗತಿಗೆ ಪಾಠ ಮಾಡುವವರಿಗೆ. ಆದರೆ ದೊಡ್ಡ ಸಂಖ್ಯೆಯಲ್ಲಿ ಹುದ್ದೆ ಕರೆಯುವುದು ಆ ತರಗತಿಗಳಿಗೇ, ಖಾಸಗಿ ಶಾಲೆಗಳವರೂ ಕೇಳುತ್ತಾರೆ, ಕೇಂದ್ರೀಯ ವಿದ್ಯಾಲಯದ ಪದವೀಧರ ಶಿಕ್ಷಕರ (ಟಿಜಿಟಿ) ಹುದ್ದೆಗೆ ಕೇಂದ್ರದ ಟಿಇಟಿ, ಅಂದರೆ ಸಿಟಿಇಟಿ ಬೇಕೇ ಬೇಕು. 2021ರಲ್ಲಿ ಆದ ತೀರ್ಮಾನದಂತೆ ಟಿಇಟಿ ಪ್ರಮಾಣಪತ್ರಕ್ಕೆ ಈಗ ಜೀವಮಾನದ ಸಿಂಧುತ್ವ ಇದೆ, ಒಮ್ಮೆ ಪಾಸಾದರೆ ಮುಗಿಯಿತು. ಬಿ.ಎಡ್. ಕೊನೆಯ ವರ್ಷದಲ್ಲಿ ಇರುವವರೂ ಬರೆಯಬಹುದು, ಆ ಅವಕಾಶ ಬಿಡಬೇಡಿ. ಶುಲ್ಕ ಒಂದು ಪತ್ರಿಕೆಗೆ ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ 700 ರೂಪಾಯಿ, ಪರಿಶಿಷ್ಟರು ಮತ್ತು ಪ್ರವರ್ಗ-1ರವರಿಗೆ 350 ಇತ್ತು.

ಎರಡೂವರೆ ಗಂಟೆ, 150 ಪ್ರಶ್ನೆ, ಋಣಾತ್ಮಕ ಅಂಕ ಇಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡುವ ಹಾಗಿಲ್ಲ. ಪಾಸಾಗಲು 90 ಬೇಕು, ಪರಿಶಿಷ್ಟರು, ಪ್ರವರ್ಗ-1 ಮತ್ತು ಅಂಗವಿಕಲರಿಗೆ ಶೇ. 55. ಮನೋವಿಜ್ಞಾನ 30, ಕನ್ನಡ 30, ಇಂಗ್ಲಿಷ್ 30, ಗಣಿತ ಮತ್ತು ವಿಜ್ಞಾನ 60. ಪಿಸಿಎಂನವರನ್ನು ಕೆಡವುವುದು ಆ ಕೊನೆಯ 60ರೊಳಗಿನ ಜೀವಶಾಸ್ತ್ರ. ಎಸ್ಸೆಸ್ಸೆಲ್ಸಿ ಆದ ಮೇಲೆ ನಾನು ಜೀವಕೋಶದ ಚಿತ್ರವನ್ನೇ ನೋಡಿರಲಿಲ್ಲ. ತಂಗಿಯ ಆರರಿಂದ ಹತ್ತರವರೆಗಿನ ವಿಜ್ಞಾನ ಪುಸ್ತಕಗಳೇ ನನ್ನ ಗೈಡ್ ಆದವು, ಅಂಗಡಿಯ ದಪ್ಪ ಗೈಡ್‌ಗಳಿಗಿಂತ ಅವೇ ಚೆನ್ನಾಗಿದ್ದವು. ಕನ್ನಡದಲ್ಲಿ ಅಂಕ ಬಂದೇ ಬರುತ್ತದೆ ಎಂದು ಓದದೇ ಹೋದವರು ಸಂಧಿ, ಸಮಾಸ, ಛಂದಸ್ಸಿನಲ್ಲಿ ಕಳೆದುಕೊಂಡರು. ಕೀ ಉತ್ತರ ಬಿಟ್ಟಾಗ ಆಧಾರ ಸಮೇತ ಆಕ್ಷೇಪಣೆ ಸಲ್ಲಿಸಲು ಅವಕಾಶ ಕೊಡುತ್ತಾರೆ, ಗಡಿಯಲ್ಲಿ ಇರುವವರು ಅದನ್ನು ಬಳಸಿಕೊಳ್ಳಿ. ನಾನು 90 ದಾಟಿದ್ದೆ, ಹೆಮ್ಮೆ ಪಡುವಷ್ಟು ದೂರ ಏನಲ್ಲ.

ಕೊನೆಯ ಪ್ರಾಯೋಗಿಕ ಪರೀಕ್ಷೆ, ಕೊನೆಯ ಸೆಮಿಸ್ಟರ್, ಫಲಿತಾಂಶ ಎಲ್ಲ ಆಯಿತು. ಈ ನಡುವೆ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸುವುದಿಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ ಸರ್ಕಾರ ಹೇಳಿತ್ತು. ಆ ಬೇಡಿಕೆ ಎಷ್ಟು ವರ್ಷದ್ದು ಎಂದು ಗೊತ್ತು, ಅದರ ನ್ಯಾಯದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕೈಯಲ್ಲಿ ಬಿ.ಎಡ್., ಟಿಇಟಿ ಎರಡೂ ಇದ್ದು ಅರ್ಜಿ ಹಾಕಲು ಹುದ್ದೆಯೇ ಇಲ್ಲದ ತಿಂಗಳುಗಳು ಬಹಳ ಕೆಟ್ಟವು. ಮನೆಗೆ ಬಂದವರೆಲ್ಲ "ಇನ್ನಾ ನೌಕರಿ ಆಗಲಿಲ್ಲೇನು?" ಅನ್ನುತ್ತಾರೆ, ಅದರ ಬೆನ್ನಿಗೇ ವರನ ಮಾತು. ಗೆಳತಿಯರು ಧಾರವಾಡಕ್ಕೆ ಕೋಚಿಂಗ್‌ಗೆ ಹೋದರು. ನನಗೂ ಆಸೆಯಿತ್ತು, ರೂಮು, ಊಟ, ಫೀಸು ಸೇರಿಸಿ ನೋಡಿದರೆ ಅಪ್ಪನ ಒಂದು ಬೆಳೆಯ ದುಡ್ಡು. ಯಾವಾಗ ಕರೆಯುತ್ತಾರೋ ಗೊತ್ತಿಲ್ಲದ ಪರೀಕ್ಷೆಗೆ ಅಷ್ಟು ಸುರಿಯಲು ಮನಸ್ಸಾಗಲಿಲ್ಲ. ಊರ ಹತ್ತಿರದ ಗ್ರಂಥಾಲಯದಲ್ಲಿ ಓದಿದೆ, ಸಂಜೆ ಮನೆಯಲ್ಲಿ ಹತ್ತನೇ ತರಗತಿಯವರಿಗೆ ಟ್ಯೂಷನ್ ಹೇಳಿದೆ.

ಖಾಸಗಿ ಶಾಲೆಗಳಲ್ಲೂ ಸಂದರ್ಶನಕ್ಕೆ ಹೋದೆ. ಡೆಮೊ ಕ್ಲಾಸ್ ಕೊಡಬೇಕು. ಒಂದು ಕಡೆ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ಜೋಡಿ ಕೊಟ್ಟರು. ನಕ್ಷೆಯ ಮೇಲೆ ಎರಡು ಗೆರೆ ಒಂದನ್ನೊಂದು ಕತ್ತರಿಸುವುದು, ಸಮಾಂತರವಾಗುವುದು, ಒಂದರ ಮೇಲೊಂದು ಕೂರುವುದು, ಈ ಮೂರನ್ನೂ ಮಕ್ಕಳ ಬಾಯಿಂದಲೇ ಹೊರಡಿಸಿದೆ. ಪ್ರಾಂಶುಪಾಲರಿಗೆ ಇಷ್ಟವಾಯಿತು. ಆಮೇಲೆ ಆಡಳಿತದವರು ಕರೆದು, ಮಧ್ಯೆ ಬಿಟ್ಟುಹೋಗದಂತೆ ಮೂಲ ಮಾರ್ಕ್ಸ್ ಕಾರ್ಡುಗಳನ್ನು ನಮ್ಮಲ್ಲಿ ಇಡಬೇಕು ಅಂದರು. ನಾನು ಎದ್ದು ಬಂದೆ. ಯಾರು ಎಷ್ಟೇ ಸಂಬಳ ಹೇಳಲಿ, ಮೂಲ ದಾಖಲೆ ಕೈ ಬಿಡಬೇಡಿ. ಅಧಿಸೂಚನೆ ಬಂದು ದಾಖಲೆ ಪರಿಶೀಲನೆಗೆ ಕರೆದಾಗ ಅವರ ಬಾಗಿಲಲ್ಲಿ ನಿಂತು ಬೇಡುವ ಪಾಡು ಬರುತ್ತದೆ.

2025ರ ಜೂನ್‌ನಲ್ಲಿ ಶಾಲೆ ಶುರುವಾದಾಗ ಪಕ್ಕದ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಸಿಎಂ ಅತಿಥಿ ಶಿಕ್ಷಕರ ಜಾಗ ಖಾಲಿ ಇದೆ ಎಂದು ಇಂಟರ್ನ್‌ಶಿಪ್‌ನ ಆ ಮೇಷ್ಟ್ರೇ ಫೋನ್ ಮಾಡಿ ಹೇಳಿದರು. ಅರ್ಜಿ, ಅಂಕಪಟ್ಟಿಗಳ ಪ್ರತಿ, ಟಿಇಟಿ ಪ್ರಮಾಣಪತ್ರ ಕೊಟ್ಟು ಬಂದೆ. ಬಂದ ಅರ್ಜಿಗಳನ್ನು ಅಂಕದ ಮೇಲೆ ಜೋಡಿಸಿ ಕರೆದರು. ಗೌರವಧನ ಆ ವರ್ಷದ ಬಜೆಟ್ಟಿನಲ್ಲಿ 2,000 ರೂಪಾಯಿ ಏರಿ, ಪ್ರೌಢಶಾಲೆಗೆ ತಿಂಗಳಿಗೆ 12,500 ಆಯಿತು. ಆದರೆ ಅದು ತಿಂಗಳ ಕೊನೆಗೆ ಬರುತ್ತದೆ ಎಂದು ನಂಬಿ ಸಾಲ ಮಾಡಬೇಡಿ. ಅನುದಾನ ಬಿಡುಗಡೆಯಾದಾಗ ಕೆಲವು ತಿಂಗಳದ್ದು ಒಟ್ಟಿಗೆ ಬರುತ್ತದೆ, ರಜೆಯ ತಿಂಗಳಿಗೆ ಏನೂ ಇಲ್ಲ. ಟ್ಯೂಷನ್ ಮಕ್ಕಳನ್ನು ನಾನು ಬಿಟ್ಟಿಲ್ಲ.

ಕೆಲಸದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಹತ್ತನೇ ತರಗತಿ ನನ್ನದೇ. ಗಣಿತಕ್ಕೆ ಲಿಖಿತ 80, ಆಂತರಿಕ 20, ಮತ್ತು ಹೋದ ಮೊದಲ ವಾರವೇ ಕಳೆದ ವರ್ಷ ಗಣಿತದಲ್ಲಿ ಎಷ್ಟು ಜನ ಫೇಲಾದರು ಎನ್ನುವ ಪಟ್ಟಿ ಕೈಗೆ ಬಂತು. ತಪ್ಪು ಉತ್ತರಗಳ ನೋಟ್‌ಬುಕ್ ಈಗ ಎರಡನೆಯದು ನಡೆಯುತ್ತಿದೆ.

ಅತಿಥಿ ಶಿಕ್ಷಕರಾಗಿ ಹೋಗುವವರು ಸೇರುವ ಮೊದಲು ಮುಖ್ಯ ಶಿಕ್ಷಕರನ್ನು ಒಂದು ಪ್ರಶ್ನೆ ಕೇಳಿ: ಈ ಜಾಗಕ್ಕೆ ವರ್ಷದ ನಡುವೆ ಕಾಯಂ ಶಿಕ್ಷಕರು ಬರುವ ಸಂಭವ ಇದೆಯೇ? ಜಾಗ ಖಾಲಿಯಾದದ್ದು ನಿವೃತ್ತಿಯಿಂದ ಆಗಿದ್ದರೂ, ವರ್ಗಾವಣೆಯಿಂದ ಆಗಿದ್ದರೂ, ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಕಾಯಂ ಶಿಕ್ಷಕರು ಆ ಜಾಗ ಆರಿಸಿಕೊಂಡರೆ ಅಂದೇ ನಿಮ್ಮನ್ನು ಬಿಡುಗಡೆ ಮಾಡುತ್ತಾರೆ, ವರ್ಷದ ಮಧ್ಯೆ ಆದರೂ ಸರಿ. ರಸ್ತೆ ಬದಿಯ, ಬಸ್ಸು ಚೆನ್ನಾಗಿರುವ ಊರಿನ ಶಾಲೆಯಾದರೆ ಹಾಗೆ ಆಗುವ ಸಂಭವ ಹೆಚ್ಚು. ಒಳಗಿನ ಊರಾದರೆ ಓಡಾಟ ಕಷ್ಟ, ಆದರೆ ಮಾರ್ಚ್‌ವರೆಗೆ ತರಗತಿ ನಿಮ್ಮ ಕೈಯಲ್ಲೇ ಇರುತ್ತದೆ. ನಾನು ಒಳಗಿನ ಊರನ್ನೇ ಆರಿಸಿಕೊಂಡೆ.